ಮೂರು ಗೀರಿನ ಇಟ್ಟಿಗೆ

ಜನವರಿ 12

ಅಪ್ಪ,

ಮೊನ್ನೆ ಫೋನಿನಲ್ಲಿ ನಾನು ಕೂಗಿದ್ದು ನಮ್ಮ ಬೀದಿಗೆಲ್ಲ ಕೇಳಿಸಿತು, ನಿನಗೊಬ್ಬನಿಗೆ ಬಿಟ್ಟು. ಒಂಬತ್ತು ವರ್ಷ ಕಾರ್ಖಾನೆಯ ಕುಲುಮೆಯ ಪಕ್ಕ ನಿಂತು ಕಿವಿ ಕಳೆದುಕೊಂಡೆಯಲ್ಲ, ಅದರಿಂದ ಒಂದೇ ಲಾಭ: ಕಾಗದ ಬರೆಯುವ ಅಭ್ಯಾಸ ನನಗೆ ತಪ್ಪಿಲ್ಲ.

ವಿಷಯ ಇದು. ಹಿತ್ತಿಲಲ್ಲಿ ಸೌದೆ ಉರಿಸುವ ಭಟ್ಟಿ ಕಟ್ಟಬೇಕೆಂದಿದ್ದೇನೆ, ಬ್ರೆಡ್ಡು ಸುಡಲು. ನಗಬೇಡ. ಸರ್ವೇಯರ್ ಕೆಲಸದಲ್ಲಿ ಊರವರ ಜಾಗವನ್ನೆಲ್ಲ ಅಳೆದುಕೊಟ್ಟವಳು ನಾನು. ನನ್ನದೇ ಹಿತ್ತಿಲಿನ ಹನ್ನೆರಡು ಅಡಿಗೆ ಹತ್ತು ಅಡಿ ಮಾತ್ರ ಹಾಗೇ ಬಿದ್ದಿದೆ.

ಅಮ್ಮನ ಹೊಲಿಗೆ ಪೆಟ್ಟಿಗೆಯ ತಳದಲ್ಲಿ ಒಂದು ಫೋಟೊ ಸಿಕ್ಕಿತು. ಗುಮ್ಮಟದಂಥ ಭಟ್ಟಿಯ ಮುಂದೆ ಕೂತಿದ್ದಾಳೆ. ಮೂಗಿಗೆ ಹಿಟ್ಟು ಮೆತ್ತಿದೆ, ಬಾಯಿ ತುಂಬ ನಗು. ಪಕ್ಕದಲ್ಲಿ ಮೂರು ವರ್ಷದ ಅಣ್ಣ, ಭಟ್ಟಿಯ ಗೋಡೆಗೆ ಕೆನ್ನೆ ಒತ್ತಿ ನಿಂತಿದ್ದಾನೆ. ಜ್ವರ ಬರುವುದಕ್ಕೆ ಮೊದಲಿನ ಅಣ್ಣ. ಅವನ ಕಣ್ಣು ಹಾಗಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ಅಮ್ಮ ಹಾಗೆ ನಗುತ್ತಿದ್ದಳೆಂದೂ ಗೊತ್ತಿರಲಿಲ್ಲ. ಆ ಭಟ್ಟಿಯಲ್ಲಿ ಹಾವು ಸೇರಿಕೊಂಡು, ನೀನೇ ಅದನ್ನು ಒಡೆದು ಹಾಕಿದೆಯೆಂದು ಅವಳು ಒಮ್ಮೆ ಹೇಳಿದ್ದಳು. ಮತ್ತೊಂದು ಯಾಕೆ ಕಟ್ಟಿಕೊಡಲಿಲ್ಲ?

ಬಾಗಿಲು ಎಷ್ಟೆತ್ತರ ಇರಬೇಕು, ತಳಕ್ಕೆ ಏನು ತುಂಬಬೇಕು, ಎಲ್ಲ ಬರೆ. ನಿನ್ನ ಮೊಮ್ಮಗಳು ಸಾಸಿವೆಗೆ ನಾಲ್ಕು ವರ್ಷ ತುಂಬಿತು. ಇಟ್ಟ ಅಡ್ಡಹೆಸರಿಗೆ ಮೋಸ ಮಾಡಿಲ್ಲ, ಸ್ವಲ್ಪ ಕಾವು ತಗುಲಿದರೆ ಸಿಡಿಯುತ್ತಾಳೆ.

ನಿನ್ನ ಮಗಳು

---

ಜನವರಿ 20

ಮಗಳಿಗೆ,

ಒಳಗಿನ ಗುಮ್ಮಟದ ಎತ್ತರ ಹತ್ತು ಪಾಲಾದರೆ ಬಾಗಿಲಿನದು ಆರು ಪಾಲು, ಕೂದಲೆಳೆಯಷ್ಟು ಹೆಚ್ಚು. ಬಾಗಿಲು ತಗ್ಗಾದರೆ ಹೊಗೆ ಕಟ್ಟುತ್ತದೆ, ಎತ್ತರವಾದರೆ ಕಾವು ನಿಲ್ಲುವುದಿಲ್ಲ. ತಳದ ಕೆಳಗೆ ಖಾಲಿ ಗಾಜಿನ ಬಾಟಲಿ ಮಲಗಿಸಿ ಸಂದಿಗೆ ಮರಳು ತುಂಬು. ಕಾವು ನೆಲಕ್ಕೆ ಇಳಿಯುವುದಿಲ್ಲ. ಒದ್ದೆ ಮರಳನ್ನು ಗುಮ್ಮಟದ ಆಕಾರಕ್ಕೆ ಗುಡ್ಡೆ ಮಾಡಿ, ನೆನೆಸಿದ ಕಾಗದ ಹೊದಿಸಿ, ಅದರ ಮೇಲೆ ಇಟ್ಟಿಗೆ ಕೂರಿಸು. ಒಣಗಿದ ಮೇಲೆ ಬಾಗಿಲಿನಿಂದ ಮರಳು ತೆಗೆ. ಮೊದಲ ದಿನದ ಬೆಂಕಿ ನಿನ್ನ ಮುಷ್ಟಿಗಿಂತ ದೊಡ್ಡದಾಗಬಾರದು. ಏಳು ದಿನ ಸ್ವಲ್ಪ ಸ್ವಲ್ಪವೇ ಹೆಚ್ಚಿಸು. ಅವಸರಪಟ್ಟರೆ ಒಳಗಿನ ನೀರು ಹಬೆಯಾಗಿ ಗುಮ್ಮಟ ಸೀಳುತ್ತದೆ.

ಕೆಲಸದಲ್ಲಿ ಯಾರು ಏನು ಹೇಳಿದರೂ ಕಾರಣ ಕೇಳು. ಕಾರಣವನ್ನೂ ನಂಬಬೇಡ, ಪರೀಕ್ಷೆ ಮಾಡಿ ನೋಡು. ಇದು ನಿನಗೆ ಹೊಸ ಮಾತಲ್ಲ.

ಇಟ್ಟಿಗೆ ಮಾತ್ರ ಅಂಗಡಿಯಿಂದ ಹೊಸದೇ ತರಿಸು.

ನಿನ್ನಣ್ಣ ಚೆನ್ನಾಗಿದ್ದಾನೆ. ಮೊಳೆಗಳನ್ನು ಉದ್ದಕ್ಕೆ ತಕ್ಕಂತೆ ಡಬ್ಬಿಗಳಿಗೆ ಹಾಕುತ್ತಾನೆ. ಇಪ್ಪತ್ತರ ತನಕ ಎಣಿಸಿ ಮತ್ತೆ ಒಂದರಿಂದ ಶುರು ಮಾಡುತ್ತಾನೆ. ನಲವತ್ತಾಯಿತು ಅವನಿಗೆ, ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದೆ.

ಅಂಥ ಫೋಟೊ ಒಂದಿದೆಯೆಂದು ನನಗೆ ಗೊತ್ತಿರಲಿಲ್ಲ. ಕಳಿಸು. ಬೇಡ, ಅಲ್ಲೇ ಇರಲಿ.

ಅಪ್ಪ

---

ಫೆಬ್ರವರಿ 9

ಅಪ್ಪ,

ಕಟ್ಟೆ ಮುಗಿಯಿತು. ಮಟ್ಟ ಹಿಡಿದು ನೋಡಿದೆ, ನಾಲ್ಕು ಮೂಲೆಯೂ ಸರಿಯಾಗಿದೆ. ನಿನ್ನ ಅಳಿಯ ಸೊಂಟ ಹಿಡಿದುಕೊಂಡು ಮಲಗಿದ್ದಾರೆ. "ನಿಮ್ಮಪ್ಪ ಕಾಗದದಲ್ಲೇ ಮೇಸ್ತ್ರಿ, ನಾನು ನಿಜವಾದ ಕೂಲಿ" ಎಂದು ಗೊಣಗಾಟ.

ಇಟ್ಟಿಗೆಯ ವಿಷಯದಲ್ಲಿ ಅದೃಷ್ಟ ಖುಲಾಯಿಸಿತು. ರೈಲ್ವೆ ಗೇಟಿನಾಚೆ ಒಂದು ಗುಜರಿ ಅಂಗಡಿಯಿದೆ. ಅದರ ಹಿಂದೆ, ಮುರಿದ ಕುರ್ಚಿಗಳ ಪಕ್ಕ, ಬೆಂಕಿ ತಡೆಯುವ ಇಟ್ಟಿಗೆ ಮುನ್ನೂರು ಪೇರಿಸಿಟ್ಟಿದ್ದರು.

"ಯಾವುದೋ ಹಳೇ ಕಾರ್ಖಾನೆ ಕೆಡವಿದಾಗ ಬಂದಿದ್ದು ಅಕ್ಕಾ. ಬಂಗಾರ ಇದು, ಬಂಗಾರ" ಅಂದ ಗುಜರಿಯವನು.

"ಬಂಗಾರ ಆಗಿದ್ರೆ ಮಳೇಲಿ ಬಿಡ್ತಿದ್ರಾ? ಹೆಂಡ್ತಿ ಕೊರಳಿಗೆ ಹಾಕ್ತಿದ್ರಿ."

"ಅವಳ ಕೊರಳು ಈ ತೂಕ ತಡೆಯಲ್ಲ ಬಿಡಿ."

ನೂರ ನಲವತ್ತು ತಂದೆ. ನಿಜಕ್ಕೂ ತೂಕ ಬಹಳ, ಆ ಅಳತೆಗೆ ಇರಬೇಕಾದ್ದಕ್ಕಿಂತ ಹೆಚ್ಚು. ಒಂದು ಮುಖಕ್ಕೆ ಗಾಜು ಹೊಯ್ದಂಥ ಪದರವಿದೆ, ಹಳದಿ ಬೂದು ಬಣ್ಣ, ನುಣುಪು. ಕೆಲವದರ ತುದಿಯಲ್ಲಿ ಚಾಣದಿಂದ ಹೊಡೆದ ಮೂರು ಗೀರು ಇವೆ, ನಡುವಿನದು ಉದ್ದ. ಯಾರೋ ಅಚ್ಚುಕಟ್ಟಿನ ಮೇಸ್ತ್ರಿ ಇರಬೇಕು. ನಿನಗೆ ಖುಷಿಯಾಗಲೆಂದು ಅದರ ಮೇಲೆ ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿ ಗುರುತು ತೆಗೆದಿದ್ದೇನೆ. ಇದರ ಜೊತೆಗಿದೆ.

ನಿನ್ನ ಮಗಳು

---

ಫೆಬ್ರವರಿ 15

ಮಗಳಿಗೆ,

ಆ ಇಟ್ಟಿಗೆ ಬೇಡ. ಹಳೆಯದು, ಒಳಗೆ ಬಿರುಕು ಬಿಟ್ಟಿರುತ್ತದೆ. ಕಾವು ಏರಿದಾಗ ಸಿಡಿದು ಕಣ್ಣಿಗೆ ಬೀಳುತ್ತದೆ. ಎಲ್ಲಿಂದ ತಂದೆಯೋ ಅಲ್ಲಿಗೇ ಹಿಂದಿರುಗಿಸು.

ಬೇರೆ ಏನೂ ವಿಶೇಷ ಇಲ್ಲ.

ಅಪ್ಪ

---

ಮಾರ್ಚ್ 1

ಅಪ್ಪ,

ನೀನು ಹೇಳಿದ ಹಾಗೇ ಮಾಡಿದೆ: ಕಾರಣ ಕೇಳಿದೆ, ನಂಬದೆ ಪರೀಕ್ಷೆ ಮಾಡಿದೆ. ರಾಶಿಯಿಂದ ಆರು ಇಟ್ಟಿಗೆ ಆರಿಸಿ ಹಗ್ಗದಲ್ಲಿ ತೂಗುಹಾಕಿ ಸುತ್ತಿಗೆಯಿಂದ ತಟ್ಟಿದೆ. ಒಂದೊಂದೂ ಗಂಟೆಯ ಹಾಗೆ ಸದ್ದು ಮಾಡಿತು. ಬಿರುಕಿದ್ದರೆ ಮಡಕೆಯ ಸದ್ದು ಬರುತ್ತದೆಂದು ಕಲಿಸಿದವನು ನೀನೇ. ಆಮೇಲೆ ಐದು ಗಂಟೆ ಕೆಂಡದಲ್ಲಿ ಹೂತಿಟ್ಟೆ. ಒಂದೂ ಸಿಡಿಯಲಿಲ್ಲ. ಗಾಜಿನ ಪದರ ಮಾತ್ರ ಅಲ್ಲಲ್ಲಿ ಬೆವರಿದಂತೆ ಕಂಡಿತು, ಆರಿದ ಮೇಲೆ ಮತ್ತೆ ಗಟ್ಟಿಯಾಯಿತು. ಹಾಗಾಗಿ ಮೇಸ್ತ್ರಿಗಳ ಆಕ್ಷೇಪಣೆಯನ್ನು ವಜಾ ಮಾಡಲಾಗಿದೆ.

ಸಾಸಿವೆಯೂ ತನ್ನ ಪರೀಕ್ಷೆ ಮಾಡಿದಳು. ಬೆರಳಿನಿಂದ ಪುಡಿ ಕೆರೆದು ನಾಲಗೆಗೆ ಇಟ್ಟುಕೊಂಡು, "ಅಮ್ಮಾ, ಇಟ್ಟಿಗೆ ಸಿಹಿ!" ಅಂದಳು. "ಸಕ್ಕರೆ ಡಬ್ಬಿ ಎತ್ತಿಟ್ಟರೆ ಇಟ್ಟಿಗೆಯೂ ಸಿಹಿಯಾಗುತ್ತೆ ನೋಡು" ಎಂದೆ.

ಮುಂದಿನ ವಾರ ಗುಮ್ಮಟ ಶುರು. ನುಣುಪು ಮುಖ ಒಳಗೆ ಬರುವಂತೆ ಕೂರಿಸುತ್ತೇನೆ. ತಳದಲ್ಲಿ ಮೇಲ್ಮುಖವಾಗಿ. ಬ್ರೆಡ್ಡು ಅಂಟುವುದಿಲ್ಲ.

ನಿನ್ನ ಮಗಳು

---

ಮಾರ್ಚ್ 8

ಮಗಳೇ,

ಮಗುವನ್ನು ಆ ಇಟ್ಟಿಗೆಯ ಹತ್ತಿರ ಬಿಡಬೇಡ. ಅವಳ ಕೈ ತೊಳೆಸು, ಉಗುರು ಕತ್ತರಿಸು. ನೀನೂ ತೊಳೆದುಕೋ. ಬಟ್ಟೆ ಬೇರೆ ಒಗೆ.

ಹಳೆಯ ಇಟ್ಟಿಗೆಯಲ್ಲಿ ಚೇಳು ಇರುತ್ತವೆ. ಅದಕ್ಕೇ ಹೇಳುತ್ತಿದ್ದೇನೆ. ಹೊಸ ಇಟ್ಟಿಗೆ ನಾನೇ ಕಳಿಸುತ್ತೇನೆ, ಎಷ್ಟು ಬೇಕೆಂದು ಬರೆ. ಇದೊಂದು ಸಲ ಪರೀಕ್ಷೆ ಮಾಡದೆ ಅಪ್ಪನ ಮಾತು ಕೇಳು.

ಅವಳಿಗೆ ಹೊಟ್ಟೆನೋವು ಬಂದಿದೆಯೇ? ಊಟ ಸರಿಯಾಗಿ ಮಾಡುತ್ತಾಳೆಯೇ? ತಿಳಿಸು. ತಕ್ಷಣ ತಿಳಿಸು.

ಅಪ್ಪ

---

ಮಾರ್ಚ್ 27

ಅಪ್ಪ,

ಅಮ್ಮನ ಕಾಲಕ್ಕೆ ಹಾವು, ನನ್ನ ಕಾಲಕ್ಕೆ ಚೇಳು. ನಿನ್ನ ಭಟ್ಟಿಗಳಲ್ಲಿ ಬ್ರೆಡ್ಡಿಗಿಂತ ಹುಳುಹುಪ್ಪಟೆಯೇ ಹೆಚ್ಚು. ಇಟ್ಟಿಗೆಗಳನ್ನು ಒಂದೊಂದಾಗಿ ಬಿಸಿಲಿಗೆ ಹರಡಿ ನೋಡಿದೆ. ಒಂದು ಇರುವೆಯೂ ಸಿಗಲಿಲ್ಲ. ಸಾಸಿವೆಗೆ ಏನೂ ಆಗಿಲ್ಲ. ಊಟಕ್ಕೆ ಸತಾಯಿಸುತ್ತಾಳೆ, ಅದು ಅವಳ ಹುಟ್ಟುಗುಣ.

ನಿಮ್ಮ ಬೀದಿಯ ಔಷಧಿ ಅಂಗಡಿಯವರು ಹದಿಮೂರನೇ ತಾರೀಖು ಫೋನ್ ಮಾಡಿದ್ದರು. "ಭಟ್ಟಿ ಹೊತ್ತಿಸಬೇಡ, ಕಾಗದ ಬರುತ್ತೆ ಅಂತ ಹೇಳೋಕೆ ಹೇಳಿದ್ದಾರಮ್ಮ ನಿಮ್ಮಪ್ಪ. ಯಾಕೆ ಅಂದ್ರೆ ಅದು ಮಾತ್ರ ಹೇಳ್ತಾ ಇಲ್ಲ. ಇಲ್ಲೇ ನಿಂತಿದ್ದಾರೆ." ಎಂಟು ದಿನ ಕಾದೆ. ಚೇಳಿನ ಕಾಗದ ಬಿಟ್ಟರೆ ಮತ್ತಾವ ಕಾಗದವೂ ಬರಲಿಲ್ಲ. ಅಷ್ಟರಲ್ಲಿ ನನಗೇ ಕಾರಣ ಹೊಳೆಯಿತು.

ಗಾರೆ ಹಚ್ಚುವ ಕರಣೆ ತೊಳೆಯುತ್ತಿದ್ದೆ, ನನ್ನ ಮದುವೆಯಾದಾಗ "ಒಡವೆ ಅವಳಮ್ಮ ಕೊಡಲಿ, ನನ್ನ ಹತ್ತಿರ ಇರೋದು ಇದು" ಎಂದು ಕೊಟ್ಟೆಯಲ್ಲ, ಅದೇ ಕರಣೆ. ಹಿಡಿಯ ಮೇಲೆ ಮೂರು ಗೀರು, ನಡುವಿನದು ಉದ್ದ! ಕಳ್ಳ ಅಪ್ಪ. ನಿನ್ನದೇ ಇಟ್ಟಿಗೆ, ನೀನೇ ಕಟ್ಟಿದ ಕುಲುಮೆಯದು. ಆ ಕಾರ್ಖಾನೆಯ ಮಾತೆತ್ತಿದರೆ ಎದ್ದು ಹೋಗುತ್ತಿದ್ದವನು ನೀನು. ಅಲ್ಲೇನೋ ಕಹಿ ಇದೆ, ಅದಕ್ಕೇ ಬೇಡವೆನ್ನುತ್ತೀ. ಆದರೂ ನೋಡು, ನೀನು ಕೂರಿಸಿದ ಇಟ್ಟಿಗೆ ಇಷ್ಟು ವರ್ಷದ ಮೇಲೆ ಮಗಳ ಹಿತ್ತಿಲು ಹುಡುಕಿಕೊಂಡು ಬಂದಿದೆ. ಇಷ್ಟು ಸಂತೋಷ ನನಗೆ ಈಚೆಗೆ ಆಗಿರಲಿಲ್ಲ.

ಗುಮ್ಮಟ ಹದಿನೇಳಕ್ಕೇ ಮುಗಿದಿತ್ತು. ಇಪ್ಪತ್ತೊಂದಕ್ಕೆ ಮರಳು ತೆಗೆದೆವು. ಸಾಸಿವೆ ಒಳಗೆ ತೂರಿ ಕೊನೆಯ ಹಿಡಿ ಮರಳು ಗುಡಿಸಿದಳು. ಅವಳ ಗಾತ್ರಕ್ಕೇ ಮಾಡಿಸಿದ ಬಾಗಿಲು. ಬೆಂಕಿಗೆ ನೀನು ಏಳು ದಿನ ಹೇಳಿದ್ದೆ, ನನಗೆ ಆರನೆಯ ದಿನ ತಡೆಯಲಾಗಲಿಲ್ಲ. ನಿನ್ನೆ ಮೊದಲ ಬ್ರೆಡ್ಡು ಬಂತು. ಕೆಳಭಾಗ ಕಪ್ಪಾಗಿತ್ತು, ಸಾಸಿವೆಗೆ ಅದೇ ಬೇಕಂತೆ, ಕೆರೆದು ಕೆರೆದು ತಿಂದಳು. ಎರಡನೆಯದನ್ನು ನಿನಗೂ ಅಣ್ಣನಿಗೂ ಪಾರ್ಸೆಲ್ ಮಾಡಿದ್ದೇನೆ. ಗಟ್ಟಿಯಾಗಿದ್ದರೆ ಹಾಲಿನಲ್ಲಿ ಅದ್ದಿ ಕೊಡು.

ನಿನ್ನ ಮಗಳು

---

ಏಪ್ರಿಲ್ 2

ಮಗಳೇ,

ಇವತ್ತು ಬೆಳಿಗ್ಗೆ ಫೋನಿನಲ್ಲಿ ಔಷಧಿ ಅಂಗಡಿಯವರ ಬಾಯಿಂದ ನೀನು ಕೇಳಿದ್ದು ನಿಜ. ಆ ಇಟ್ಟಿಗೆಯಲ್ಲಿ ಸೀಸ ಇದೆ. ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸು ಎಂದು ಹೇಳಿಸಿದೆ. ಅದನ್ನು ಮಾಡಿದ ಮೇಲೆ ಈ ಕಾಗದ ಓದು. ಮಾಡಿರದಿದ್ದರೆ ಇಲ್ಲಿಗೇ ನಿಲ್ಲಿಸಿ ಹೊರಡು.

ನಾನು ಕೆಲಸ ಮಾಡುತ್ತಿದ್ದ ಕಾರ್ಖಾನೆಯಲ್ಲಿ ಹಳೆಯ ಬ್ಯಾಟರಿಗಳನ್ನು ಕರಗಿಸಿ ಸೀಸ ತೆಗೆಯುತ್ತಿದ್ದರು. ಕುಲುಮೆಯ ಕಮಾನಿಗೆ ಇಟ್ಟಿಗೆ ಕೂರಿಸುವುದು ನನ್ನ ಕೆಲಸ. ಬಟ್ಟೆ ನೀರು ಕುಡಿಯುವ ಹಾಗೆ ಆ ಗೋಡೆ ಸೀಸ ಕುಡಿಯುತ್ತದೆ. ನೀನು ಕಂಡ ಗಾಜು, ಆ ತೂಕ, ಎಲ್ಲ ಅದೇ. ಕಮಾನಿನ ಒಂದು ಭಾಗ ಬದಲಿಸಿದಾಗ ತೆಗೆದ ಇಟ್ಟಿಗೆಯನ್ನು ಅಂಗಳದಲ್ಲಿ ಸುರಿದಿದ್ದರು. ಬೇಕಾದವರು ಒಯ್ಯಬಹುದಿತ್ತು. ನಿಮ್ಮಮ್ಮ ಭಟ್ಟಿ ಬೇಕೆಂದು ಎರಡು ವರ್ಷದಿಂದ ಕೇಳುತ್ತಿದ್ದಳು. ತೊಂಬತ್ತು ಇಟ್ಟಿಗೆ ತಳ್ಳುಗಾಡಿಯಲ್ಲಿ ತಂದೆ. ಅವಳ ನಗುವನ್ನು ಫೋಟೊದಲ್ಲಿ ನೀನೇ ನೋಡಿದ್ದೀ.

ನಿನ್ನಣ್ಣ ಬೆಚ್ಚಗಿರುತ್ತದೆಂದು ಆ ಗೋಡೆಗೆ ಅಂಟಿಕೊಂಡೇ ಇರುತ್ತಿದ್ದ. ಉಗುರಿನಿಂದ ಕೆರೆಯುತ್ತಿದ್ದ. ಒಂದು ದಿನ "ಅಮ್ಮಾ, ಗೋಡೆ ಸಿಹಿ" ಅಂದ. "ನೆಕ್ಕಬೇಡ, ಮಸಿ" ಎಂದು ಅವಳು ಗದರಿದಳು. ಆಮೇಲೆ ಇಬ್ಬರೂ ನಕ್ಕೆವು. ಕೆಲವು ತಿಂಗಳಲ್ಲಿ ಅವನಿಗೆ ಹೊಟ್ಟೆನೋವು ಶುರುವಾಯಿತು. ಮುಖ ಬಿಳಿಚಿತು. ಗೊತ್ತಿದ್ದ ಮಾತು ಒಂದೊಂದೇ ಮರೆತ. ಒಂದು ರಾತ್ರಿ ಮೈ ಸುಟ್ಟು, ಕೈಕಾಲು ಅದುರಿ ಸೆಟೆದುಕೊಂಡವು. ಬೆಳಗಾಗಲೆಂದು ಕಾದು ಆಸ್ಪತ್ರೆಗೆ ಒಯ್ದೆವು. ಮಿದುಳು ಜ್ವರ ಎಂದರು.

ನಾಲ್ಕು ತಿಂಗಳ ಮೇಲೆ ಕಾರ್ಖಾನೆಗೆ ಒಬ್ಬ ವೈದ್ಯೆ ಬಂದು ನಮ್ಮ ರಕ್ತ ತೆಗೆದರು. ನನ್ನ ಸರದಿ ಬಂದಾಗ, "ಮನೇಲಿ ಚಿಕ್ಕ ಮಕ್ಕಳಿದ್ದಾರಾ? ಈ ಧೂಳು ಮನೆಗೆ ಹೋಗಬಾರದು. ಮಕ್ಕಳಿಗೆ ಇದು ಸಿಹಿ ಅನ್ನಿಸುತ್ತೆ" ಅಂದರು. ನಾನು ಅಂಗಿಯ ತೋಳು ಇಳಿಸಿಕೊಂಡು ಮನೆಗೆ ಬಂದೆ. ಆವತ್ತೇ ಭಟ್ಟಿ ಒಡೆದೆ. ನೀನು ಆಗ ನಿಮ್ಮಮ್ಮನ ಹೊಟ್ಟೆಯಲ್ಲಿ ಆರು ತಿಂಗಳ ಕೂಸು. ಅವಳು ಅಡ್ಡ ಬಂದು, "ನಿಮಗೇನು ಹುಚ್ಚಾ?" ಎಂದು ಕಿರುಚಿದಳು. ಹಾವು ಎಂದೆ.

ಅವಳಿಗೆ ಕೊನೆಯವರೆಗೂ ಹೇಳಲಿಲ್ಲ. ಬೆಳಗಾಗಲೆಂದು ಕಾದಿದ್ದರಿಂದಲೇ ಹುಡುಗ ಹಾಗಾದನೆಂದು ಅವಳು ಸಾಯುವ ತನಕ ನಂಬಿದ್ದಳು. ಆಸ್ಪತ್ರೆಯ ಮಂಚದಲ್ಲಿ ನನ್ನ ಕೈಯ ಮೇಲೆ ಬೆರಳಿನಿಂದ ಬರೆದು ಕೇಳಿದಳು: ಅವತ್ತು ರಾತ್ರಿಯೇ ಹೋಗಿದ್ದರೆ? ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ. ಅಷ್ಟೇ.

ಆ ಗೀರು ಕಂಡ ದಿನವೇ ನಿನಗೆ ಬರೆಯಬೇಕಿತ್ತು. ಬರೆದರೆ ನಿಮ್ಮಮ್ಮನ ವಿಷಯವನ್ನೂ ಬರೆಯಬೇಕಾಗುತ್ತಿತ್ತು. ಬಿರುಕು ಎಂದರೆ ಬಿಟ್ಟುಬಿಡುತ್ತೀ ಎಂದುಕೊಂಡೆ. ನಿನ್ನನ್ನು ನಾನು ಹಾಗೆ ಬೆಳೆಸಿರಲಿಲ್ಲ. "ಸಿಹಿ" ಎಂದು ನೀನು ಬರೆದದ್ದನ್ನು ಓದಿದ ಮೇಲೂ ಚೇಳು ಎಂದು ಬರೆದ ಕೈ ಇದು. ಫೋನ್ ಮಾಡಿಸಿದ ಮೇಲೆ ನಾಲ್ಕು ಕಾಗದ ಬರೆದೆ, ನಾಲ್ಕನ್ನೂ ಹರಿದೆ.

ಪಾರ್ಸೆಲ್ ಬಂದಾಗ ನಾನು ಹಿತ್ತಿಲಲ್ಲಿದ್ದೆ. ನಿನ್ನಣ್ಣ ಬಿಚ್ಚಿದ್ದ. ಬ್ರೆಡ್ಡನ್ನು ಎರಡು ಕೈಯಲ್ಲಿ ಹಿಡಿದು ಮೂಸುತ್ತಾ ನಿಂತಿದ್ದ. ನನ್ನನ್ನು ಕಂಡು, "ಅಮ್ಮ ಬಂದ್ಲಾ?" ಅಂದ. ಕಿತ್ತುಕೊಂಡೆ. ತಿಂದಿರಲಿಲ್ಲ. ಈಗ ಅದು ಮೇಜಿನ ಮೇಲಿದೆ, ನಾನು ಅದರ ಎದುರು ಕೂತು ಬರೆಯುತ್ತಿದ್ದೇನೆ.

ಅಪ್ಪ

---

ಏಪ್ರಿಲ್ 6

ರಕ್ತ ತೆಗೆದುಕೊಂಡರು. ಅವಳು ಅಳಲಿಲ್ಲ, ನಾನು ಅತ್ತೆ. ಫಲಿತಾಂಶಕ್ಕೆ ಹತ್ತು ದಿನ.

ಅಲ್ಲಿಯ ತನಕ ಬರೆಯಬೇಡ.

---

ಏಪ್ರಿಲ್ 24

ಅಪ್ಪ,

ಸಾಸಿವೆಯ ರಕ್ತದಲ್ಲಿ ಸೀಸ ಇದೆ. ಇರಬಾರದಷ್ಟು ಇದೆ. ವೈದ್ಯರು ಎಲ್ಲ ಕೇಳಿಸಿಕೊಂಡು, "ಎಷ್ಟು ದಿನ ತಗುಲಿದೆ?" ಎಂದರು. ಇಟ್ಟಿಗೆ ಮನೆಗೆ ಬಂದು ಎಂಟು ವಾರ, ಬ್ರೆಡ್ಡು ತಿಂದದ್ದು ಒಂದು ವಾರ. "ಬೇಗ ಬಂದಿರಿ. ವರ್ಷಗಟ್ಟಲೆ ಆಗಿಲ್ಲ. ಇಳಿಯುತ್ತೆ ಅಂತ ಅಂದುಕೊಳ್ಳೋಣ" ಎಂದರು. ಆ ಅಂದುಕೊಳ್ಳೋಣ ಎಂಬ ಮಾತನ್ನು ಹಿಡಿದುಕೊಂಡು ಮಲಗುತ್ತೇನೆ, ಹಿಡಿದುಕೊಂಡು ಏಳುತ್ತೇನೆ. ಪ್ರತಿ ತಿಂಗಳೂ ರಕ್ತ ಕೊಡಬೇಕು.

ನಿನ್ನೆ ಅವಳು ತಟ್ಟೆಯನ್ನು ಬಟ್ಟಲು ಅಂದಳು. ಮಕ್ಕಳು ಹಾಗೆ ಅನ್ನುತ್ತಾರೆ, ಗೊತ್ತು. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ನಿಂತೆ. ದಿನಾ ಬೆಳಿಗ್ಗೆ ಆಟವೆಂದು ಎಣಿಸಲು ಹೇಳುತ್ತೇನೆ. ಹತ್ತೊಂಬತ್ತು, ಇಪ್ಪತ್ತು. ಅಲ್ಲಿ ಅವಳು ಉಸಿರು ಎಳೆದುಕೊಳ್ಳುತ್ತಾಳೆ. ಇಪ್ಪತ್ತೊಂದು ಅಂದಳೆಂದರೆ ಆ ದಿನ ದಾಟಿತು.

ಭಟ್ಟಿಯನ್ನು ಆರೋಗ್ಯ ಇಲಾಖೆಯವರು ಬಂದು ಒಡೆದರು. ಮುಖ ಮುಚ್ಚಿಕೊಂಡು, ನೀರು ಚಿಮುಕಿಸುತ್ತಾ, ಚೀಲಕ್ಕೆ ತುಂಬಿದರು. ಮೇಲಿನ ಮಣ್ಣನ್ನೂ ಒಯ್ದರು. ಹಿತ್ತಿಲು ಈಗ ಗುಂಡಿ.

ಅಮ್ಮನ ಬಗ್ಗೆ ನನಗೆ ಈಗ ಏನೂ ಬರೆಯಲು ಆಗುವುದಿಲ್ಲ. ಒತ್ತಾಯ ಮಾಡಬೇಡ.

ಗುಜರಿಯಲ್ಲಿ ನಾನು ಬಿಟ್ಟುಬಂದದ್ದು ನೂರ ಅರವತ್ತು ಇಟ್ಟಿಗೆ. ಹೋಗಿ ನೋಡಿದರೆ ನಲವತ್ತು ಉಳಿದಿವೆ. ಮಿಕ್ಕವು ಎಲ್ಲಿಗೆ ಹೋದವೆಂದು ಗುಜರಿಯವನಿಗೆ ನೆನಪಿರುವುದು ಮೂರು ಮನೆ. ಮೂರಕ್ಕೂ ಹೋದೆ. ಒಂದು ಮನೆಯಲ್ಲಿ ಅದರಿಂದ ಒಲೆ ಕಟ್ಟಿದ್ದಾರೆ, ಮಗು ಅಂಬೆಗಾಲಿಡುತ್ತಿದೆ. "ಇಟ್ಟಿಗೇಲಿ ಏನಿರುತ್ತಮ್ಮ, ಇಟ್ಟಿಗೆ ಇರುತ್ತೆ" ಎಂದು ಅಜ್ಜಿ ನಕ್ಕು ಬಾಗಿಲು ಹಾಕಿಕೊಂಡರು. ಇಲಾಖೆಯವರು, ಇವೆಲ್ಲ ಅದೇ ಕುಲುಮೆಯವು ಎಂದು ಗುರುತಿಸುವವರು ಬೇಕು ಎನ್ನುತ್ತಿದ್ದಾರೆ.

ನೀನು ಬರಬೇಕು. ಆ ಮೂರು ಗೀರು ನನ್ನ ಕೈಯವು ಎಂದು ಆ ಮನೆಗಳ ಎದುರು ನಿಂತು ಹೇಳಬೇಕು, ಕಾರಣ ಸಮೇತ. ಅಣ್ಣನನ್ನೂ ಕರೆದುಕೊಂಡು ಬಾ. ಹೊರಡುವ ಮೊದಲು ಅವನಿಗೆ ನಿಜ ಹೇಳಿರಬೇಕು.

ಗುಜರಿಯ ಗೇಟಿನಲ್ಲಿ ಕಾಯುತ್ತೇನೆ. ಮನೆಗೆ ಬರುವ ಮಾತು ಆಮೇಲೆ.

ಮಗಳು

---

ಮೇ 1

ಮಗಳೇ,

ಮಂಗಳವಾರದ ರೈಲಿಗೆ ಬರುತ್ತೇವೆ. ಬುಧವಾರ ಹತ್ತು ಗಂಟೆಗೆ ಗೇಟಿನ ಹತ್ತಿರ ಇರುತ್ತೇವೆ. ಇಷ್ಟು ದೂರ ಅವನು ಯಾವತ್ತೂ ರೈಲಿನಲ್ಲಿ ಕೂತಿಲ್ಲ. ಒಂದು ಡಬ್ಬಿ ಮೊಳೆ ಜೊತೆಗಿರುತ್ತದೆ, ಬೇಡವೆನ್ನಬೇಡ.

ನೀನು ಹೇಳಿದಂತೆ ಅವನಿಗೆ ಹೇಳಿದೆ. ಮಧ್ಯಾಹ್ನ ಊಟವಾದ ಮೇಲೆ ಅವನು ಮೊಳೆ ಬೇರೆ ಮಾಡುತ್ತಿದ್ದ, ನಾನು ಎದುರಿಗೆ ನೆಲದ ಮೇಲೆ ಕೂತೆ. ಭಟ್ಟಿ, ಇಟ್ಟಿಗೆ, ಕಾರ್ಖಾನೆ, ಜ್ವರ, ಎಲ್ಲ ಸಣ್ಣ ಸಣ್ಣ ಮಾತಿನಲ್ಲಿ ಹೇಳಿದೆ. ಅಪ್ಪನಿಂದಲೇ ಆದದ್ದು ಎಂದೂ ಹೇಳಿದೆ. ಅವನಿಗೆ ತಿಳಿಯುವುದಿಲ್ಲ, ಹಾಗಾಗಿ ಹೇಳಬಹುದು ಎಂಬ ಧೈರ್ಯ ನನಗಿತ್ತು. ನಿನ್ನಿಂದ ಮುಚ್ಚಿಡುವುದು ಸಾಕಾಗಿದೆ, ಅದಕ್ಕೆ ಇದನ್ನೂ ಬರೆಯುತ್ತಿದ್ದೇನೆ.

ಅವನು ಡಬ್ಬಿಯ ಮುಚ್ಚಳ ಹಾಕಿದ. ನನಗೆ ಕೇಳಿಸಲೆಂದು ಕಿವಿಯ ಹತ್ತಿರ ಬಂದ.

"ನಾನೇ ನೆಕ್ಕಿದ್ದು," ಅಂದ. "ಅಮ್ಮ ಬೇಡ ಅಂದಿದ್ಲು. ಆದ್ರೂ ನೆಕ್ಕಿದೆ. ಅದಕ್ಕೇ ಹಿಂಗಾಯ್ತು. ಅಪ್ಪ, ಅಮ್ಮಂಗೆ ಹೇಳಬೇಡ."

ಮೂವತ್ತಾರು ವರ್ಷದಿಂದ ಅವನಿಗೆ ಅದು ನೆನಪಿದೆ.

ನಿನ್ನ ತಪ್ಪಲ್ಲ ಎಂದೆ. ಮೂರು ದಿನದಿಂದ ಹೇಳುತ್ತಲೇ ಇದ್ದೇನೆ. ನಂಬುತ್ತಿಲ್ಲ. ಈ ಮನೆಯಲ್ಲಿ ನನ್ನ ಮಾತಿಗೆ ಇನ್ನು ಬೆಲೆ ಇರಬೇಕಾಗಿಯೂ ಇಲ್ಲ. ಬುಧವಾರ ಗೇಟಿನಲ್ಲಿ ನನ್ನ ಜೊತೆ ಮಾತಾಡದಿದ್ದರೂ ಪರವಾಗಿಲ್ಲ, ಮೊದಲು ಅವನಿಗೆ ಅದೊಂದು ಮಾತು ಹೇಳು. ನೀನು ಹೇಳಿದರೆ ನಂಬುತ್ತಾನೆ.

ಅಪ್ಪ